ದುರ್ಗವನ್ನು ನೋಡುವ ಬಗೆ

ಚಿತ್ರದುರ್ಗಕ್ಕೆ ಪ್ರವಾಸ ಹೋಗಿಬಂದ ಹೆಣ್ಣುಮಕ್ಕಳನ್ನು ಏನು ನೋಡಿದಿರೆಂದು ಕೇಳಿದರೆ, ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ಎಂಬ ಎರಡು ಉತ್ತರಗಳು ಕೂಡಲೇ ಬರುತ್ತವೆ, ಮೂರನೆಯದು ಅಪರೂಪ. ಇದು ಮಕ್ಕಳ ದೋಷವಲ್ಲ. ಮುಂಜಾನೆ ಬೆಟ್ಟ ಹತ್ತಿ, ಮಧ್ಯಾಹ್ನಕ್ಕೆ ಇಳಿದು, ಮುಂದಿನ ಊರಿಗೆ ಹೊರಡುವವರಿಗೆ ಊರು ತನ್ನ ಕಥೆಯನ್ನು ಹೇಳುವುದಾದರೂ ಯಾವಾಗ? ಒಂದೂರಿನ ಚರಿತ್ರೆಯನ್ನು ಅರಿಯಬಯಸುವ ಅತಿಥಿಯು ಒಂದು ಪ್ರಶ್ನೆಯನ್ನು ಜೊತೆಯಲ್ಲಿ ಕೊಂಡೊಯ್ಯತಕ್ಕದ್ದೆಂಬುದು ನಮ್ಮ ಅಭಿಪ್ರಾಯ. ಮಳೆ ಕಡಮೆಯಾದ ದುರ್ಗದ ಸೀಮೆಯಲ್ಲಿ ಆ ಪ್ರಶ್ನೆಯು, ಇಲ್ಲಿಯ ಜನರು ನೀರಿಗಾಗಿ ಏನು ಮಾಡಿದರು ಎಂಬುದಾಗಿರಲಿ.

ಈ ಪ್ರಶ್ನೆಯೊಡನೆ ಮೊದಲು ಚಂದ್ರವಳ್ಳಿಗೆ ಹೋಗಬೇಕು. ಅಲ್ಲಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವು ಒಂದು ಕೆರೆಯ ವಿಷಯವನ್ನು ಹೇಳುತ್ತದೆ. 1929ರಲ್ಲಿ ಡಾಕ್ಟರ್ ಎಂ. ಎಚ್. ಕೃಷ್ಣ ಅವರೂ 1947ರಲ್ಲಿ ವೀಲರ್ ಅವರೂ ಈ ಸ್ಥಳವನ್ನು ಅಗೆಯಿಸಿದರು. ಶಾತವಾಹನರ ನಾಣ್ಯಗಳಲ್ಲದೆ ರೋಮಿನ ನಾಣ್ಯಗಳೂ ಇಲ್ಲಿ ದೊರೆತಿವೆ. ತಿಬೇರಿಯ ಕೈಸರನ ಬೆಳ್ಳಿಯ ನಾಣ್ಯವು ಅವುಗಳಲ್ಲೊಂದು. ನಮ್ಮ ಕರ್ತನು ಗಲಿಲಾಯದಲ್ಲಿ ಉಪದೇಶಿಸುತ್ತಿದ್ದಾಗ ಆಳುತ್ತಿದ್ದವನು ಆ ಕೈಸರನೇ. ಸತ್ಯವೇದದ ಪಾಠವೂ ಊರಿನ ಚರಿತ್ರೆಯೂ ಹೀಗೆ ಒಂದೇ ಮಣ್ಣಿನಲ್ಲಿ ಕೂಡಿದಾಗ ಬಾಲಕಿಗೆ ಲೋಕವು ಹತ್ತಿರವಾಗುತ್ತದೆ.

ಬಳಿಕ ಕೋಟೆ. ಬೆಟ್ಟದ ಮೇಲೆ ಬಿದ್ದ ಮಳೆಯನ್ನು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳಲ್ಲಿ ಹಿಡಿದಿರಿಸಿದ ಜಾಣ್ಮೆಯನ್ನು ನೋಡಿರಿ. ಗೋಡೆ ಎಷ್ಟು ಎತ್ತರವಾದರೇನು, ಒಳಗೆ ನೀರಿಲ್ಲದಿದ್ದರೆ ಮುತ್ತಿಗೆಯನ್ನು ತಾಳುವುದೆಂತು? ಗಂಡನು ಊಟಕ್ಕೆ ಕುಳಿತಾಗ ನೀರು ತರಲು ಹೋದ ಓಬವ್ವನು ಕಿಂಡಿಯಲ್ಲಿ ನುಸುಳುವ ಶತ್ರುಗಳನ್ನು ಕಂಡಳೆಂದು ಜನರು ಹೇಳುತ್ತಾರೆ. 1779ರಲ್ಲಿ ಮದಕರಿನಾಯಕನ ದುರ್ಗವು ಹೈದರಾಲಿಯ ವಶವಾಯಿತು. ಓಬವ್ವನ ಹೆಸರು ಮಾತ್ರ ಜನರ ಬಾಯಲ್ಲಿ ಬಾಳಿತು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಕೆಯ ಜಯಂತಿಯನ್ನು ಆಚರಿಸುತ್ತಿದೆ. ಅಜ್ಜಿಯರು ಹೇಳದೆ ಹೋಗಿದ್ದರೆ ಇದಾವುದೂ ಇರುತ್ತಿರಲಿಲ್ಲ.

ಹಿರಿಯೂರಿನ ಬಳಿಯ ಮಾರಿಕಣಿವೆಯನ್ನು ಬಿಡಬಾರದು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕೆಲಸ ಮೊದಲಾದಾಗ ಮೈಸೂರನ್ನು ಆಳುತ್ತಿದ್ದವರು ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು. 1907ರಲ್ಲಿ ಮುಗಿದ ಆ ಸಾಗರಕ್ಕೆ ಅವರದೇ ಹೆಸರು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 2022ರಲ್ಲಿ. ಈ ಸೀಮೆಯಲ್ಲಿ ನೀರು ಎಷ್ಟು ದುರ್ಲಭವೆಂಬುದನ್ನು ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಕಲಿಸಲಾರದು.

ಪರೀಕ್ಷೆಗೆ ಬಾರದ ವಿಷಯಕ್ಕೆ ಎರಡು ದಿನವೇಕೆ, ಹೆಣ್ಣುಮಕ್ಕಳನ್ನು ಹೊರಗೆ ತಂಗಿಸುವುದೇಕೆ ಎಂದು ಕೆಲವು ತಾಯಿತಂದೆಗಳು ಕೇಳುತ್ತಾರೆ. ಅವರ ಆತಂಕವನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಉಪಾಧ್ಯಾಯಿನಿಯರ ಕಾವಲಿಲ್ಲದೆ ಯಾವ ಬಾಲಕಿಯನ್ನೂ ಕಳುಹಿಸಲಾಗದು. ಆದರೆ ಅಂಕಗಳನ್ನು ಕೊಡುವ ಪರೀಕ್ಷೆಯು ಮುಗಿದುಹೋಗುತ್ತದೆ. ಊರ ಕೆರೆಯನ್ನು ಉಳಿಸಬೇಕೇ ಹೂಳಬೇಕೇ ಎಂಬ ಪರೀಕ್ಷೆಯು ಅವಳು ಗೃಹಿಣಿಯಾದಾಗ, ಪಂಚಾಯತಿಯ ಸದಸ್ಯೆಯಾದಾಗ ಬರುತ್ತದೆ. ಅದಕ್ಕೆ ಸಿದ್ಧಗೊಳಿಸುವುದೂ ಶಾಲೆಯ ಕರ್ತವ್ಯವಲ್ಲವೆ?

ದೂರ ಹೋಗಲಾಗದವರು ತಮ್ಮೂರಿನಲ್ಲೇ ಅತಿಥಿಗಳಾಗಲಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯನ್ನೇ ತೆಗೆದುಕೊಳ್ಳಿರಿ. ಅಬ್ಬೆಯೆಂದರೆ ಹಳಗನ್ನಡದಲ್ಲಿ ತಾಯಿ. ಊರಿಗೆ ಈ ಹೆಸರು ಹೇಗೆ ಬಂತು, ಹಳೆಯ ಬಾವಿಗಳಾವುವು, ಬರಗಾಲದಲ್ಲಿ ನೀರನ್ನು ಎಲ್ಲಿಂದ ಹೊತ್ತರು ಎಂದು ಬಾಲಕಿಯು ಹಿರಿಯರನ್ನು ಕೇಳಿ ಬರೆದುಕೊಳ್ಳಲಿ.

ಕಡೆಗೆ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನೆಲೆಸಿರುವವರು ನಮ್ಮ ಹೆಣ್ಣುಮಕ್ಕಳಿಗೆ ಒಂದು ರಾತ್ರಿ ತಂಗಲು ಎಡೆ ಕೊಡಿರಿ; ನಿಮ್ಮ ಅತ್ತೆಯರಿಂದಲೋ ನೆರೆಯ ಅಜ್ಜಿಯರಿಂದಲೋ ಊರ ಕಥೆಯನ್ನು ಹೇಳಿಸಿರಿ. ಬಂಡೆಯ ಮೇಲೆ ತಮ್ಮ ಹೆಸರನ್ನು ಕೆತ್ತದೆ, ಬಂಡೆಯು ಹೇಳುವುದನ್ನು ತಮ್ಮ ಮನಸ್ಸಿನಲ್ಲಿ ಕೆತ್ತಿಕೊಂಡು ಬರುವ ಮಕ್ಕಳನ್ನು ಕಳುಹಿಸುವ ಹೊಣೆ ನಮ್ಮದು.