ಹಸಿರು ದೀಪ ಇರಲಿ, ಬೂದಿ ಗುಡ್ಡೆ ನೋಡಿ

ಅಮೆರಿಕದ ಕನಸು ಹೇಗೆ ಕೆಟ್ಟಿತು ಅಂತ ಹೇಳುವ ಕಾದಂಬರಿ ಯಾವುದು ಎಂದು ಇಂಗ್ಲಿಷ್ ಎಂ.ಎ. ಮಾಡಿದ ಯಾರನ್ನಾದರೂ ಕೇಳಿ. ‘ದಿ ಗ್ರೇಟ್ ಗ್ಯಾಟ್ಸ್‌ಬಿ’ ಅನ್ನುತ್ತಾರೆ. ಎಫ್. ಸ್ಕಾಟ್ ಫಿಟ್ಜ್‌ಜೆರಾಲ್ಡ್ ಬರೆದದ್ದು, 1925ರಲ್ಲಿ ಅಚ್ಚಾದದ್ದು. ಸಂಕೇತ ಯಾವುದು ಅಂದರೆ ತಕ್ಷಣ ಹಸಿರು ದೀಪ ಅನ್ನುತ್ತಾರೆ. ಹಸಿರು ದೀಪ ಅಂದರೆ ಭರವಸೆ, ಬರೆದರೆ ಅಂಕ ಗ್ಯಾರಂಟಿ. ಈ ದೀಪದ ಬಗ್ಗೆ ನಮ್ಮದೊಂದು ತಕರಾರಿದೆ.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇವೆ. ನಾರ್ತ್ ಡಕೋಟಾದ ಬಡ ರೈತನ ಮಗ ಜೇಮ್ಸ್ ಗ್ಯಾಟ್ಜ್. ಹೆಸರು ಬದಲಿಸಿಕೊಂಡು ಜೇ ಗ್ಯಾಟ್ಸ್‌ಬಿ ಆಗುತ್ತಾನೆ. ಸೈನ್ಯದಲ್ಲಿದ್ದಾಗ ಡೇಸಿ ಎಂಬ ಸಿರಿವಂತರ ಹುಡುಗಿಯನ್ನು ಪ್ರೀತಿಸುತ್ತಾನೆ. ಇವನು ಯುದ್ಧಕ್ಕೆ ಹೋದ ಮೇಲೆ ಅವಳು ಟಾಮ್ ಬುಕ್ಯಾನನ್‌ನನ್ನು ಮದುವೆಯಾಗುತ್ತಾಳೆ. ಟಾಮ್‌ನದು ಹುಟ್ಟುತ್ತಲೇ ಬಂದ ಹಣ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆ ಕಾಲದಲ್ಲಿ ಔಷಧಿ ಅಂಗಡಿಗಳ ಮರೆಯಲ್ಲಿ ಕಳ್ಳ ಮದ್ಯ ಮಾರಿ ಗ್ಯಾಟ್ಸ್‌ಬಿ ಸಾಹುಕಾರನಾಗುತ್ತಾನೆ. ಡೇಸಿಯ ಮನೆಯ ಎದುರು ದಡದಲ್ಲೇ ಬಂಗಲೆ ಹಿಡಿಯುತ್ತಾನೆ. ರಾತ್ರಿ ಹೊತ್ತು ನೀರಿನಾಚೆ, ಅವಳ ಮನೆಯ ದಕ್ಕೆಯ ತುದಿಯಲ್ಲಿ ಉರಿಯುವ ಹಸಿರು ದೀಪ ನೋಡುತ್ತಾ ಕೈ ಚಾಚುತ್ತಾನೆ.

ಚೆಂದದ ಚಿತ್ರ, ಇಲ್ಲ ಅನ್ನುವುದಿಲ್ಲ. ಆದರೆ ಆ ದೀಪ ಉರಿಯುತ್ತಿರುವುದು ಟಾಮ್‌ನ ಜಾಗದಲ್ಲಿ. ಎದುರು ದಡದಲ್ಲಿ ಒಬ್ಬ ನಿಂತಿದ್ದಾನೆ ಅಂತ ದೀಪಕ್ಕೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಕನಸು ಇವನದು, ಸ್ವಿಚ್ಚು ಅವರದು.

ನಮ್ಮನ್ನು ಕೇಳಿದರೆ, ಕಾದಂಬರಿಯ ಜೀವ ಇರುವುದು ಬೂದಿ ಗುಡ್ಡೆಗಳಲ್ಲಿ. ಬಂಗಲೆಗಳ ಊರಿಗೂ ನ್ಯೂಯಾರ್ಕಿಗೂ ನಡುವೆ ಬೂದಿ ಸುರಿಯುವ ಒಂದು ಬಯಲು ಬರುತ್ತದೆ. ಇದು ಬರೀ ಕಲ್ಪನೆಯಲ್ಲ. ಕ್ವೀನ್ಸ್‌ನ ಕರೋನಾ ಎಂಬಲ್ಲಿ ನಗರದ ಕಲ್ಲಿದ್ದಲ ಬೂದಿ ತಂದು ಸುರಿಯುತ್ತಿದ್ದರು. 1939ರ ವಿಶ್ವ ಮೇಳಕ್ಕಾಗಿ ಅದನ್ನು ಸಮತಟ್ಟು ಮಾಡಿದರು, ಈಗ ಅಲ್ಲಿ ಫ್ಲಶಿಂಗ್ ಮೆಡೋಸ್ ಪಾರ್ಕಿದೆ. ನಗರ ಬೆಚ್ಚಗಿರಲು ಏನು ಸುಟ್ಟಿತೋ ಅದರ ಬೂದಿ ಯಾರದೋ ಮೈಮೇಲೆ ಬೀಳುತ್ತದೆ. ಇದು ಅರ್ಥವಾಗಲು ಗೈಡು ಬೇಕಿಲ್ಲ.

ಆ ಬೂದಿಯಲ್ಲಿ ಜಾರ್ಜ್ ವಿಲ್ಸನ್ ಗ್ಯಾರೇಜ್ ಇಟ್ಟುಕೊಂಡಿದ್ದಾನೆ. ಟಾಮ್ ತನ್ನ ಹಳೆ ಕಾರು ಕೊಟ್ಟರೆ ಮಾರಿ ನಾಲ್ಕು ಕಾಸು ಮಾಡಿಕೊಳ್ಳೋಣ ಅಂತ ಕಾಯುತ್ತಿದ್ದಾನೆ. ಟಾಮ್ ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂತ ಸತಾಯಿಸುತ್ತಾನೆ. ಅವನು ಅಲ್ಲಿಗೆ ಬರುವುದು ವಿಲ್ಸನ್‌ನ ಹೆಂಡತಿ ಮರ್ಟಲ್‌ಗಾಗಿ.

ಗ್ಯಾರೇಜಿನ ಹತ್ತಿರವೇ ಒಂದು ಹಳೆ ಜಾಹೀರಾತು ಬೋರ್ಡಿದೆ. ಕಣ್ಣಿನ ಡಾಕ್ಟರ್ ಒಬ್ಬ ಗಿರಾಕಿಗಾಗಿ ಹಾಕಿಸಿದ್ದು. ಹಳದಿ ಕನ್ನಡಕ, ಅದರೊಳಗೆ ದೊಡ್ಡ ನೀಲಿ ಕಣ್ಣು, ಮುಖವೇ ಇಲ್ಲ. ಡಾಕ್ಟರ್ ಹೋದ, ಬೋರ್ಡು ಉಳಿಯಿತು. ಹೆಂಡತಿ ಸತ್ತ ರಾತ್ರಿ ಕಳೆದು ಬೆಳಕು ಹರಿಯುವಾಗ ವಿಲ್ಸನ್ ಆ ಕಣ್ಣುಗಳನ್ನು ನೋಡಿ ದೇವರು ಎಲ್ಲ ನೋಡುತ್ತಾನೆ ಅನ್ನುತ್ತಾನೆ. ಪಕ್ಕದಲ್ಲಿದ್ದವನು ಅದು ಜಾಹೀರಾತು ಕಣಪ್ಪಾ ಅಂತ ತಿಳಿಹೇಳುತ್ತಾನೆ. ಇಡೀ ಪುಸ್ತಕದಲ್ಲಿ ಇದಕ್ಕಿಂತ ಹರಿತವಾದ ಜಾಗ ನಮಗೆ ಸಿಕ್ಕಿಲ್ಲ.

ಕನಸು ಕೆಟ್ಟದ್ದು ಕಳ್ಳ ಮದ್ಯದಿಂದ ಅಂತ ಹೇಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಸತ್ತವರ ಲೆಕ್ಕ ಹಾಕಿ. ಮರ್ಟಲ್‌ಗೆ ಕಾರು ಗುದ್ದಿದಾಗ ಸ್ಟಿಯರಿಂಗ್ ಹಿಡಿದಿದ್ದವಳು ಡೇಸಿ, ಕಾರು ಮಾತ್ರ ಗ್ಯಾಟ್ಸ್‌ಬಿಯದು. ಕಾರು ಯಾರದು ಅಂತ ವಿಲ್ಸನ್‌ಗೆ ಹೇಳಿದವನು ಟಾಮ್. ವಿಲ್ಸನ್ ಗ್ಯಾಟ್ಸ್‌ಬಿಯನ್ನು ಗುಂಡಿಕ್ಕಿ ಕೊಂದು, ತಾನೂ ಸಾಯುತ್ತಾನೆ. ರೈತನ ಮಗ, ಗ್ಯಾರೇಜಿನವ, ಅವನ ಹೆಂಡತಿ: ಮೂರೂ ಹೆಣ ಕೆಳಗಿನಿಂದ ಬಂದವರದೇ. ಗಂಡ ಹೆಂಡತಿ ಇಬ್ಬರೂ ಪೆಟ್ಟಿಗೆ ಕಟ್ಟಿಕೊಂಡು ಊರು ಬಿಡುತ್ತಾರೆ. ಮದ್ಯ ಮಾರಿದವನು ಕಾನೂನು ಮುರಿದ, ನಿಜ. ಆದರೆ ಅದೇ ಮದ್ಯ ಕುಡಿದವರ ಮೇಲೆ ಕೇಸಿಲ್ಲ!

‘ಅಮೆರಿಕನ್ ಡ್ರೀಮ್’ ಎಂಬ ಮಾತು ಜನರ ಬಾಯಲ್ಲಿ ನೆಲೆಯಾದದ್ದು 1931ರಲ್ಲಿ, ಜೇಮ್ಸ್ ಟ್ರಸ್ಲೋ ಆಡಮ್ಸ್ ಬರೆದ ಪುಸ್ತಕದಿಂದ. ಕನಸಿಗೆ ಹೆಸರು ಗಟ್ಟಿಯಾಗುವ ಮೊದಲೇ ಫಿಟ್ಜ್‌ಜೆರಾಲ್ಡ್ ಅದರ ಮಣ್ಣು ಬರೆದಾಗಿತ್ತು.

ಗ್ಯಾಟ್ಸ್‌ಬಿಯ ಪಾರ್ಟಿಗಳಿಗೆ ನೂರಾರು ಜನ ಬರುತ್ತಿದ್ದರು. ಮಣ್ಣಿಗೆ ಬಂದವರು ಬೆರಳೆಣಿಕೆ. ಉಂಡೂ ಹೋದರು, ಕೊಂಡೂ ಹೋದರು. ಬಂದವರಲ್ಲಿ ಅಪ್ಪ ಹೆನ್ರಿ ಗ್ಯಾಟ್ಜ್ ಒಬ್ಬ. ಅವನ ಕೈಯಲ್ಲಿ ಮಗ ಹುಡುಗನಾಗಿದ್ದಾಗ ಓದುತ್ತಿದ್ದ ಹಳೆ ಕಥೆಪುಸ್ತಕ. ಕೊನೆಯ ಹಾಳೆಯಲ್ಲಿ 1906ರಲ್ಲಿ ಹುಡುಗ ಬರೆದುಕೊಂಡ ದಿನಚರಿ: ಬೆಳಿಗ್ಗೆ ಆರಕ್ಕೆ ಏಳುವುದು, ಕಸರತ್ತು, ವಿದ್ಯುತ್ ಬಗ್ಗೆ ಓದು, ಮಾತಿನ ಅಭ್ಯಾಸ, ವಾರಕ್ಕಿಷ್ಟು ಉಳಿತಾಯ, ಅಪ್ಪ ಅಮ್ಮನೊಂದಿಗೆ ಚೆನ್ನಾಗಿರುವುದು. ಉಳಿತಾಯದ ಸಾಲಿನಲ್ಲಿ ಐದು ಡಾಲರ್ ಅಂತ ಬರೆದು, ಹೊಡೆದು, ಮೂರು ಮಾಡಿದ್ದಾನೆ. ಅಪ್ಪ ಒಂದೊಂದೇ ಸಾಲು ಗಟ್ಟಿಯಾಗಿ ಓದುತ್ತಾನೆ. ಕಥೆ ಹೇಳುವ ನಿಕ್ ಕೂಡ ಇದನ್ನು ತನಗಾಗಿ ಬರೆದುಕೊಳ್ಳುತ್ತಾನೇನೋ ಅಂತ ಆಸೆಯಿಂದ ಅವನ ಮುಖ ನೋಡುತ್ತಾನೆ.