ಸಾಕ್ಷಿಗಳ ಪಟ್ಟಿಯನ್ನ ಇನ್ಯಾರು ಓದ್ತಿದ್ದಾರೆ?

ಮೊನ್ನೆ ಒಂದು ದೌರ್ಜನ್ಯ ಪ್ರಕರಣದ ಸಾಕ್ಷಿಗಳ ಪಟ್ಟಿಯನ್ನ ವಕೀಲರಿಗೆ ಇಮೇಲ್ ಮಾಡ್ತಿದ್ವಿ. ಹೆಸರು, ಊರು, ಫೋನ್ ನಂಬರ್ ಎಲ್ಲಾ ಅದರಲ್ಲಿತ್ತು. ಯಾಕೋ ಅನುಮಾನ ಬಂದು ಆ ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಷನ್ ಪಟ್ಟಿ ತೆಗೆದು ನೋಡಿದೆ. 11 ಇದ್ದವು! ಪಿಡಿಎಫ್ ಮಾಡೋಕೆ, ವಿಡಿಯೋ ಇಳಿಸೋಕೆ, ಸ್ಕ್ರೀನ್‌ಶಾಟ್ ತೆಗೆಯೋಕೆ. ಯಾರು ಹಾಕಿದ್ದು ಅಂತ ಒಬ್ಬರಿಗೂ ನೆನಪಿಲ್ಲ. ಅದರಲ್ಲಿ 6ಕ್ಕೆ, ನಾವು ತೆರೆಯುವ ಎಲ್ಲಾ ವೆಬ್‌ಸೈಟ್‌ಗಳ ಮಾಹಿತಿಯನ್ನೂ ಓದುವ, ಬದಲಾಯಿಸುವ ಅನುಮತಿ ನಾವೇ ಕೊಟ್ಟಿದ್ವಿ.

ಅಂದ್ರೆ ನಮ್ಮ ಕಣ್ಣಿಗೆ ಕಾಣೋದೆಲ್ಲ ಆ ಕೋಡ್‌ಗೂ ಕಾಣಬಹುದು. ವೆಬ್‌ಸೈಟಿನ ಸುರಕ್ಷಿತ ಸಂಪರ್ಕ ದಾರಿಯಲ್ಲಿ ಕದಿಯೋರನ್ನ ತಡೆಯುತ್ತೆ, ಮನೆಯೊಳಗೇ ಕೂತವರನ್ನಲ್ಲ.

"ಒಳ್ಳೆ ಎಕ್ಸ್‌ಟೆನ್ಷನ್ನೇ ಹಾಕಿರೋದು" ಅಂತೀರಾ? ದಿ ಗ್ರೇಟ್ ಸಸ್ಪೆಂಡರ್ ಅನ್ನೋದನ್ನ 20 ಲಕ್ಷ ಜನ ನಂಬಿ ಬಳಸ್ತಿದ್ರು. 2020ರಲ್ಲಿ ಅದನ್ನ ಮಾಡಿದವನು ಬೇರೆಯವರಿಗೆ ಮಾರಿದ. 2021ರ ಫೆಬ್ರವರಿಯಲ್ಲಿ ಅದರೊಳಗೆ ಮಾಲ್‌ವೇರ್ ಇದೆ ಅಂತ ಗೂಗಲ್ಲೇ ತೆಗೆದುಹಾಕಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೆವನ್ ಅನ್ನೋ ಡೇಟಾ ರಕ್ಷಣೆಯ ಕಂಪನಿಯ ಎಕ್ಸ್‌ಟೆನ್ಷನ್‌ಗೇ ಕಳ್ಳ ಕೋಡ್ ಸೇರಿಸಿದ್ರು. ಅಪ್‌ಡೇಟ್ ತಾನಾಗೇ ಆಗುತ್ತೆ, ನಮ್ಮನ್ನ ಕೇಳೋದಿಲ್ಲ.

"ನಮ್ಮಂಥೋರ ಡೇಟಾ ಯಾರಿಗೆ ಬೇಕಣ್ಣ?" ಅಂದ ಒಬ್ಬ ಹುಡುಗ. ಊರಿನ ಬಲಾಢ್ಯರ ವಿರುದ್ಧ ಸಾಕ್ಷಿ ಹೇಳೋಕೆ ಒಪ್ಪಿದ ಕೂಲಿ ಹೆಣ್ಣುಮಗಳ ನಂಬರ್ ಯಾರಿಗೆ ಬೇಕು ಅಂತ ನಮಗೆ ಗೊತ್ತಿಲ್ವಾ ತಮ್ಮಾ? ಎಲ್ಲೋ ಜಾಹೀರಾತಿನವರಿಗೆ ಅಂತ ಕದ್ದ ಮಾಹಿತಿ ಕೈ ಬದಲಾಗ್ತಾ ಯಾರ ಹತ್ತಿರ ಸೇರುತ್ತೆ ಅಂತ ಯಾರೂ ಹೇಳೋಕಾಗಲ್ಲ. ಸಾಕ್ಷಿಗಳ ಹೆಸರು, ವಿಳಾಸ ಗುಟ್ಟಾಗಿಡೋಕೆ ದೌರ್ಜನ್ಯ ತಡೆ ಕಾಯ್ದೆಯಲ್ಲಿ 15ಎ ಕಲಂ ಇದೆ. ಕೋರ್ಟ್ ಮುಂದೆ ಅದನ್ನ ಕೇಳೋ ನಾವೇ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಬಾಗಿಲು ತೆರೆದಿಟ್ಟರೆ ಹೇಗೆ?

ತಪ್ಪು ನಮ್ಮದೊಂದೇ ಅಲ್ಲ. ಇಷ್ಟು ದೊಡ್ಡ ಅನುಮತಿಯನ್ನ ಒಂದು ಗುಂಡಿ ಒತ್ತಿಸಿ ಪಡೆಯೋ ವ್ಯವಸ್ಥೆಯೇ ಅನ್ಯಾಯ. ಆದ್ರೆ ಅದು ಸರಿಹೋಗೋವರೆಗೂ ನಮ್ಮ ಸಾಕ್ಷಿಗಳು ಕಾಯೋಕಾಗಲ್ಲ.

ಇವತ್ತೇ ಮಾಡಿ: ಬೇಡದ ಎಕ್ಸ್‌ಟೆನ್ಷನ್ ಕಿತ್ತುಹಾಕಿ. ಬೇಕಾದ್ದಕ್ಕೆ, ಕ್ಲಿಕ್ ಮಾಡಿದಾಗ ಮಾತ್ರ ಓದುವ ಹಾಗೆ ಅನುಮತಿ ಬದಲಿಸಿ. ಕೇಸಿನ ಕೆಲಸಕ್ಕೆ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಇಡಿ, ಅದರಲ್ಲಿ ಒಂದೂ ಎಕ್ಸ್‌ಟೆನ್ಷನ್ ಬೇಡ.

ನಮ್ಮನ್ನ ನಂಬಿ ಹೆಸರು ಕೊಟ್ಟವರು ಅವರು. ಆ ಹೆಸರನ್ನ ಕಾಯೋದೂ ಹೋರಾಟವೇ.

ಜೈ ಭೀಮ್.