ಪಿಂಚಣಿ ಬಾಗಿಲಿಗೆ ಬಂತು, ಬಾಗಿಲು ಯಾರದು?

ಹಿಂದೂಪುರ: ತಿಂಗಳ ಒಂದನೇ ತಾರೀಖು ಬಂತೆಂದರೆ ಆಂಧ್ರದ ಗಡಿ ಪಟ್ಟಣಗಳ ಗಲ್ಲಿಗಳಲ್ಲಿ ಹಿರಿಯರು ಬೆಳಗ್ಗೆಯೇ ಬಾಗಿಲ ಮುಂದೆ ಕಾದು ಕೂತಿರುತ್ತಾರೆ. ಜನ ಇನ್ನೂ 'ಸಚಿವಾಲಯಂ' ಅಂತಲೇ ಕರೆಯೋ ವಾರ್ಡ್ ಕಚೇರಿಯ ಸಿಬ್ಬಂದಿ ಬಂದು, ಗುರುತು ಖಾತ್ರಿ ಮಾಡಿಕೊಂಡು, 4 ಸಾವಿರ ರೂಪಾಯಿ ಕೈಗಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. 2014ಕ್ಕೆ ಮುಂಚೆ ಇದೇ ವೃದ್ಧಾಪ್ಯ ಪಿಂಚಣಿ ಬರೀ 200 ರೂಪಾಯಿ ಇತ್ತು. ಆ ವರ್ಷ ಸಾವಿರವಾಯಿತು, 2019ರ ಜನವರಿಯಲ್ಲಿ ಎರಡು ಸಾವಿರ, 2024ರ ಜನವರಿಗೆ ಮೂರು ಸಾವಿರ, ಅದೇ ವರ್ಷದ ಜುಲೈ 1ರಿಂದ ನಾಲ್ಕು ಸಾವಿರ. ಸರಕಾರಗಳು ಬದಲಾದವು, ಯೋಜನೆಯ ಹೆಸರು ಬದಲಾಯಿತು, ಮೊತ್ತ ಮಾತ್ರ ಏರುತ್ತಲೇ ಬಂತು.

ಊಟಕ್ಕೆ, ಮಾತ್ರೆಗೆ ಇದರಿಂದ ದೊಡ್ಡ ಆಸರೆಯಾಗಿದೆ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೆ ಆ ದುಡ್ಡು ತೆಗೆದುಕೊಳ್ಳೋ ಬಾಗಿಲು ಯಾರದು? ಕೆಲವರಿಗೆ ಮಗನದು, ಬಹಳಷ್ಟು ಜನರಿಗೆ ಬಾಡಿಗೆ ಮನೆ ಯಜಮಾನನದು. ಹಿಂದೂಪುರದಲ್ಲಾಗಲಿ, ಕಲ್ಯಾಣದುರ್ಗದಲ್ಲಾಗಲಿ ವಯಸ್ಸಾದವರ ದೊಡ್ಡ ಚಿಂತೆ ಈಗ ಊಟಕ್ಕಿಂತ ಸೂರಿನದು. ಅದಕ್ಕೆ ಒಂದು ಕಾರಣ ಈ ಪಿಂಚಣಿಯೇ ಅಂದರೆ ಆಶ್ಚರ್ಯವಾಗಬಹುದು.

ಲೆಕ್ಕ ಹೀಗಿದೆ. ಆಂಧ್ರದ ಪಿಂಚಣಿ ವಿಳಾಸಕ್ಕೆ ಅಂಟಿಕೊಂಡದ್ದು. ಒಂದು ತಿಂಗಳು ಊರಲ್ಲಿಲ್ಲದಿದ್ದರೆ ಮುಂದಿನ ತಿಂಗಳು ಸೇರಿಸಿ ಕೊಡುತ್ತಾರೆ, ಎರಡು ತಿಂಗಳು ತಪ್ಪಿದರೂ ಮೂರನೇ ತಿಂಗಳು ಒಟ್ಟಿಗೆ ಸಿಗುತ್ತದೆ. 2024ರ ಕೊನೆಯಲ್ಲಿ ಬಂದ ಸಡಿಲಿಕೆ ಇದು. ಸತತ ಮೂರು ತಿಂಗಳು ತೆಗೆದುಕೊಳ್ಳದೇ ಹೋದರೆ ಮಾತ್ರ ಊರು ಬಿಟ್ಟವರ ಲೆಕ್ಕಕ್ಕೆ ಸೇರಿಸಿ ನಿಲ್ಲಿಸುತ್ತಾರೆ. ಇಲ್ಲಿನ ಮಕ್ಕಳು ಇರೋದೆಲ್ಲಿ? ಹಿಂದೂಪುರದಿಂದ ನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ. ಮಳೆ ಕೈಕೊಟ್ಟು ಕಡಲೆಕಾಯಿ ಹೊಲ ಬರಡಾದ ಮೇಲೆ ಕಲ್ಯಾಣದುರ್ಗ, ಕುಂದುರ್ಪಿ, ಕಂಬದೂರು ಕಡೆಯಿಂದ ದುಡಿಯೋ ವಯಸ್ಸಿನವರು ಕಟ್ಟಡ ಕೆಲಸಕ್ಕೆ, ಗಾರ್ಮೆಂಟ್ಸಿಗೆ ಅಂತ ಹೋದವರು ಹೋದಹಾಗೇ ಇದ್ದಾರೆ. ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋದರೆ ತಿಂಗಳಿಗೆ 4 ಸಾವಿರ ಹೋಗುತ್ತದೆ. ಬಿಟ್ಟು ಹೋದರೆ ಅವರಿಗೆ ಇಲ್ಲೊಂದು ಮನೆ ಬೇಕು.

ಗಡಿಯ ಆ ಕಡೆ ಲೆಕ್ಕ ತಿರುವುಮುರುವು. ಕರ್ನಾಟಕದ ಸಂಧ್ಯಾ ಸುರಕ್ಷಾ ಮೊತ್ತ 2021ರಲ್ಲಿ 1,200 ರೂಪಾಯಿಗೆ ಏರಿತು, ಅದೂ 65 ತುಂಬಿದವರಿಗೆ. ಮನೆ ಯಜಮಾನಿ ಅಂತ ಕಾರ್ಡಿನಲ್ಲಿ ಹೆಸರಿದ್ದರೆ 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2 ಸಾವಿರ ಬೇರೆ. (ಯಜಮಾನಿ ಅತ್ತೆಯೋ ಸೊಸೆಯೋ ಅನ್ನೋ ಜಗಳ ಎಷ್ಟು ಮನೆಗಳಲ್ಲಿ ಆಗಿದೆಯೋ!) ಆದರೆ ಆ ದುಡ್ಡು ಖಾತೆಗೆ ಬೀಳುವಂಥದ್ದು, ಗೌರಿಬಿದನೂರಿನ ಅಜ್ಜಿ ಹಿಂದೂಪುರದ ಮಗಳ ಮನೆಯಲ್ಲಿ ನಾಲ್ಕು ತಿಂಗಳು ಇದ್ದು ಬಂದರೂ ಅದರ ಪಾಡಿಗೆ ಅದು ಇರುತ್ತದೆ. ಆ ಕಡೆ ದುಡ್ಡು ಕಡಿಮೆ, ಓಡಾಟ ಸಲೀಸು. ಈ ಕಡೆ ದುಡ್ಡು ಜಾಸ್ತಿ, ಕಾಲಿಗೆ ಹಗ್ಗ. ಎರಡೂ ರಾಜ್ಯದಲ್ಲಿ ಹೆಣ್ಣು ಕೊಟ್ಟು ತಂದಿರೋ ಕನ್ನಡ ಮನೆಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಗಂಟೂ ಇದೆ. ಸಾಮಾನ್ಯವಾಗಿ ಒಂದು ರೇಷನ್ ಕಾರ್ಡಿಗೆ ಒಂದೇ ಪಿಂಚಣಿ. ಗಂಡ ಹೆಂಡತಿ ಇಬ್ಬರಿಗೂ 70 ದಾಟಿದ್ದರೂ ಬರೋದು ಒಂದೇ 4 ಸಾವಿರ. ಅದರಲ್ಲೇ ಬಾಡಿಗೆ, ಕರೆಂಟು, ಗ್ಯಾಸು, ಶುಗರ್-ಬಿಪಿ ಮಾತ್ರೆ. 2024ರ ಕೊನೆಯಿಂದ ಗಂಡ ತೀರಿಕೊಂಡರೆ ಹೆಂಡತಿಗೆ ತಡಮಾಡದೆ ಪಿಂಚಣಿ ವರ್ಗಾಯಿಸುತ್ತಿದ್ದಾರೆ, ಅದೊಂದು ಒಳ್ಳೇ ಕೆಲಸ.

ಬಾಡಿಗೆ ಮನೆಯ ಸಂಕಟ

2011ರ ಜನಗಣತಿಯಲ್ಲೇ ಒಂದೂವರೆ ಲಕ್ಷ ಜನಸಂಖ್ಯೆ ಇದ್ದ ಊರು ಹಿಂದೂಪುರ. ತೂಮುಕುಂಟ, ಗೊಲ್ಲಾಪುರದ ಕಾರ್ಖಾನೆಗಳು ಮೊದಲಿಂದ ಇದ್ದವು. 2019ರಲ್ಲಿ ಪೆನುಕೊಂಡ ಹತ್ತಿರ ಕಿಯಾ ಕಾರ್ ಫ್ಯಾಕ್ಟರಿ ಶುರುವಾದ ಮೇಲೆ ಈ ಸೀಮೆಯಲ್ಲಿ ರೂಮು ಹುಡುಕೋ ಹುಡುಗರು ಹೆಚ್ಚಿದರು. ಒಂದು ರೂಮಿಗೆ ಮೂರು ಜನ ಸೇರಿ ಬಾಡಿಗೆ ಹಂಚಿಕೊಳ್ಳೋ ಹುಡುಗರ ಎದುರು ಪಿಂಚಣಿಯ ತಾತ ಯಾವ ಲೆಕ್ಕ? ಅಡ್ವಾನ್ಸಿಗೆ ಕೇಳೋ ಮೊತ್ತ ಕೂಡಿಸೋದೇ ಕಷ್ಟ.

ದುಡ್ಡು ಹೊಂದಿಸಿದರೂ ಮನೆ ಸಿಗುತ್ತದೆ ಅಂತ ಹೇಳೋ ಹಾಗಿಲ್ಲ. ಒಂಟಿ ಮುದುಕ-ಮುದುಕಿಗೆ ಮನೆ ಕೊಡೋಕೆ ಯಜಮಾನರು ಹಿಂದೇಟು ಹಾಕುತ್ತಾರೆ. ಬಾಯಿಬಿಟ್ಟು ಹೇಳೋದು ಬೇರೆ ಏನೋ, ಮನಸ್ಸಲ್ಲಿರೋದು ಸಾವಿನ ಭಯ. ಮನೆಯಲ್ಲಿ ಸಾವಾದರೆ ಮನೆ ಮುಚ್ಚಬೇಕು, ಆಮೇಲೆ ಯಾರೂ ಬಾಡಿಗೆಗೆ ಬರೋದಿಲ್ಲ ಅನ್ನೋ ನಂಬಿಕೆ ಈ ಭಾಗದಲ್ಲಿ ಎಲ್ಲ ಜಾತಿಯವರಲ್ಲೂ ಇದೆ. ಬಾಡಿಗೆದಾರ ಆಸ್ಪತ್ರೆಯಲ್ಲಿ ತೀರಿಕೊಂಡರೆ ಹೆಣವನ್ನು ಮನೆಗೆ ತರಬೇಡಿ, ನೇರವಾಗಿ ಮಣ್ಣಿಗೆ ಒಯ್ಯಿರಿ ಅನ್ನುವವರಿದ್ದಾರೆ. ಹತ್ತು ವರ್ಷ ಬಾಡಿಗೆ ಕಟ್ಟಿದ ಮನೆಯ ಅಂಗಳದಲ್ಲಿ ಅರ್ಧ ಗಂಟೆ ಮಲಗಿಸೋಕೂ ಜಾಗ ಸಿಗೋದಿಲ್ಲ. ಸ್ವಂತ ಮನೆ ಬೇಕು ಅಂತ ಮುದುಕರು ಹಟ ಹಿಡಿಯೋದು ಆಸ್ತಿಯ ಆಸೆಗಲ್ಲ, ಇದಕ್ಕೆ.

ಯೋಜನೆಗಳ ಲೆಕ್ಕ

ಮನೆ ಯೋಜನೆಗಳಿಗೆ ಈ ರಾಜ್ಯದಲ್ಲಿ ಬರವಿಲ್ಲ. 2006ರಲ್ಲಿ ಇಂದಿರಮ್ಮ, ಆಮೇಲೆ ಪಟ್ಟಣಗಳಿಗೆ ಟಿಡ್ಕೊ ಮನೆಗಳು, 2020ರ ಡಿಸೆಂಬರ್ 25ರಂದು ಶುರುವಾದ ಜಗನಣ್ಣ ಕಾಲೊನಿಗಳು. ಪಟ್ಟಣದಲ್ಲಿ ಒಂದು ಸೆಂಟ್, ಅಂದರೆ ಸುಮಾರು 435 ಚದರಡಿ ಸೈಟು, ಹಳ್ಳಿಯಲ್ಲಿ ಒಂದೂವರೆ ಸೆಂಟ್, ಕಟ್ಟೋಕೆ 1.80 ಲಕ್ಷ ರೂಪಾಯಿ. ಅಷ್ಟರಲ್ಲಿ ಮನೆ ಮುಗಿಯೋದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನಿಂತುಹೋದ ಮನೆಗಳಿಗೆ 2025ರ ಮಾರ್ಚ್‌ನಲ್ಲಿ ಎಸ್‌ಸಿ, ಬಿಸಿಗಳಿಗೆ 50 ಸಾವಿರ, ಎಸ್‌ಟಿಗಳಿಗೆ 75 ಸಾವಿರ ಹೆಚ್ಚುವರಿ ಘೋಷಿಸಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಈಗಿನ ಸರಕಾರ ಹೊಸಬರಿಗೆ ಪಟ್ಟಣದಲ್ಲಿ ಎರಡು, ಹಳ್ಳಿಯಲ್ಲಿ ಮೂರು ಸೆಂಟ್ ಅಂದಿದೆ. ಆದರೆ ಮೇಸ್ತ್ರಿಯನ್ನು ಹಿಡಿದು, ಸಿಮೆಂಟು ಹೊಂಚಿ, ಬಿಲ್ಲಿಗೆ ಓಡಾಡಿ ಮನೆ ಎಬ್ಬಿಸೋದು 70 ವರ್ಷದ ವಿಧವೆಯ ಕೈಲಾಗೋ ಕೆಲಸವೇ? ಊರಾಚೆಯ ಕಾಲೊನಿಯಿಂದ ಸರಕಾರಿ ಆಸ್ಪತ್ರೆಗೆ ಬರೋಕೆ ಆಟೋದವನಿಗೆ ಕೊಡೋ ದುಡ್ಡು ಬೇರೆ.

ಟಿಡ್ಕೊ ಮನೆಗಳಲ್ಲಿ ಕಟ್ಟೋ ತಾಪತ್ರಯ ಇಲ್ಲ. ಇರೋದು ಮೆಟ್ಟಿಲಿನ ತಾಪತ್ರಯ. ನೆಲ ಮಹಡಿ ಮತ್ತು ಮೇಲೆ ಮೂರು, ಲಿಫ್ಟ್ ಇಲ್ಲ. ಮೂರನೇ ಮಹಡಿ ಬಂದರೆ ಮಂಡಿನೋವಿನವರು ಹತ್ತಿದವರು ಇಳಿಯೋದಿಲ್ಲ. 300 ಚದರಡಿಯ ಮನೆಯನ್ನು ಹಿಂದಿನ ಸರಕಾರ ಒಂದು ರೂಪಾಯಿಗೆ ಕೊಟ್ಟಿತು. 365 ಚದರಡಿಯದಕ್ಕೆ ಬ್ಯಾಂಕ್ ಸಾಲ 3.15 ಲಕ್ಷ. ಶೇ 8.5 ಬಡ್ಡಿ ಅಂತ ಇಟ್ಟುಕೊಂಡು 20 ವರ್ಷಕ್ಕೆ ಲೆಕ್ಕ ಹಾಕಿದರೆ ಕಂತು ಸುಮಾರು 2,730 ರೂಪಾಯಿ. 60 ದಾಟಿದವರಿಗೆ 20 ವರ್ಷದ ಸಾಲ ಯಾವ ಬ್ಯಾಂಕೂ ಸುಲಭಕ್ಕೆ ಕೊಡೋದಿಲ್ಲ. 10 ವರ್ಷಕ್ಕೆ ಇಳಿಸಿದರೆ ಕಂತು 3,900 ದಾಟುತ್ತದೆ. ಪಿಂಚಣಿ 4 ಸಾವಿರ. ಉಳಿಯೋದು ನೂರು ರೂಪಾಯಿಗೂ ಕಡಿಮೆ.

ಅರ್ಹತೆಯ ನಿಯಮವೂ ಮುದುಕರ ಕಡೆ ನೋಡಿ ಬರೆದದ್ದಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ 2.0ರಲ್ಲಿ ಕೇಂದ್ರ ಒಂದೂವರೆ ಲಕ್ಷ, ರಾಜ್ಯ ಒಂದು ಲಕ್ಷ ಕೊಡುತ್ತದೆ. ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಹಿಂದಿನ 20 ವರ್ಷದಲ್ಲಿ ಯಾವುದೇ ಸರಕಾರಿ ಮನೆ ಪಡೆದಿದ್ದರೆ ಅರ್ಜಿ ಹಾಕೋ ಹಾಗಿಲ್ಲ. 2008ರಲ್ಲಿ ಇಂದಿರಮ್ಮ ಮನೆ ಪಡೆದು, ಮಗನ ಮದುವೆಯಾದ ಮೇಲೆ ಅವನಿಗೆ ಬಿಟ್ಟುಕೊಟ್ಟು ಹೊರಬಿದ್ದ ತಾಯಿ ಕಾಗದದ ಮೇಲೆ ಇನ್ನೂ ಮನೆ ಪಡೆದವಳೇ. ನಿಜದಲ್ಲಿ ಬಾಡಿಗೆ ರೂಮಿನಲ್ಲಿ.

ಹಾಗಂತ ದಾರಿ ಪೂರಾ ಮುಚ್ಚಿಲ್ಲ. ಆವಾಸ್ ಯೋಜನೆಯ ಮಾರ್ಗಸೂಚಿಯಲ್ಲಿ 2015ರಿಂದಲೇ ಒಂದು ಮಾತಿದೆ: ಹಿರಿಯರು, ಅಂಗವಿಕಲರು ಇರೋ ಕುಟುಂಬಕ್ಕೆ ನೆಲ ಮಹಡಿ ಅಥವಾ ಕೆಳಗಿನ ಮಹಡಿಯಲ್ಲಿ ಆದ್ಯತೆ ಕೊಡಬೇಕು. ಕೇಳಿದವರಿಗೆ ಮಾತ್ರ ನೆನಪಿಗೆ ಬರೋ ನಿಯಮ ಅದು, ಅರ್ಜಿಯಲ್ಲೇ ಬರೆದುಕೊಡೋದು ಲೇಸು. 2.0ರಲ್ಲಿ ಬಾಡಿಗೆ ಮನೆಗಳ ವಿಭಾಗವೂ ಇದೆ. ಸರಕಾರಿ ದುಡ್ಡಲ್ಲಿ ಕಟ್ಟಿ ಖಾಲಿ ಬಿದ್ದ ಮನೆಗಳನ್ನು ಕಡಿಮೆ ಬಾಡಿಗೆಗೆ ಕೊಡಬಹುದು. ಅದರ ಮಾತೆಲ್ಲ ಹೆಚ್ಚಾಗಿ ಕಾರ್ಖಾನೆ ಕಾರ್ಮಿಕರು, ವಲಸೆ ಬಂದವರು, ದುಡಿಯೋ ಹೆಣ್ಣುಮಕ್ಕಳ ಸುತ್ತ. ನೆಲ ಮಹಡಿಯ ನಾಲ್ಕು ಮನೆ ಪಿಂಚಣಿದಾರರಿಗೆ ಮೀಸಲಿಟ್ಟು, ಬಾಡಿಗೆಯನ್ನು ಪಿಂಚಣಿಯ ಕಾಲು ಭಾಗಕ್ಕೆ ಕಟ್ಟಿಹಾಕಿದರೆ ಪುರಸಭೆಗೆ ಬಾಡಿಗೆ ಬಾಕಿ ಉಳಿಯೋ ಭಯವೂ ಕಡಿಮೆ. ತಿಂಗಳ ಒಂದನೇ ತಾರೀಖಿನಂದೇ ದುಡ್ಡು ಬರೋ ಬಾಡಿಗೆದಾರ ಬೇರೆ ಯಾರಿದ್ದಾರೆ? ಆಂಧ್ರದ ನಾಯಕರು ಮಾತುಮಾತಿಗೆ ಹೆಸರು ಹೇಳೋ ಸಿಂಗಪುರದಲ್ಲಿ 55 ದಾಟಿದವರಿಗೆ 15 ವರ್ಷದಿಂದ 45 ವರ್ಷದವರೆಗಿನ ಕಡಿಮೆ ಅವಧಿಗೆ ಸಣ್ಣ ಫ್ಲಾಟ್ ಕೊಡೋ ಪದ್ಧತಿ ಇದೆ. ಜೀವ ಇರೋವರೆಗೆ ಬೇಕಾದಷ್ಟು ಮನೆ, ಅಷ್ಟಕ್ಕೇ ಬೆಲೆ.

ಕಲ್ಯಾಣದುರ್ಗ ಸೀಮೆಯಲ್ಲಿ ಕಣ್ಣೆದುರಿಗೇ ಒಂದು ಮಾದರಿ ಇದೆ. ವಿನ್ಸೆಂಟ್ ಫೆರರ್ ಕಟ್ಟಿದ, ಇಲ್ಲಿ ಆಸ್ಪತ್ರೆಯನ್ನೂ ನಡೆಸೋ ಆರ್‌ಡಿಟಿ ಸಂಸ್ಥೆ ಬಡವರಿಗೆ ಕಟ್ಟಿಸಿದ ಮನೆಗಳನ್ನು ಹೆಂಗಸರ ಹೆಸರಿಗೇ ಬರೆಯಿತು. ವಯಸ್ಸಾದ ಮೇಲೆ ಆ ಹೆಸರಿನ ಬೆಲೆ ಗೊತ್ತಾಗುತ್ತದೆ.

ಮನೆ ಇದ್ದವರು ಅದನ್ನು ಕಳೆದುಕೊಳ್ಳೋದು ಹೆಚ್ಚಾಗಿ ಪ್ರೀತಿಯಿಂದಲೇ. ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟು ಆಮೇಲೆ ಪಡಸಾಲೆಗೆ ಬಂದವರು ಎರಡೂ ಊರಲ್ಲಿದ್ದಾರೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಗ ನೋಡಿಕೊಳ್ಳದಿದ್ದರೆ, ವಾಪಸ್ ಪಡೆಯಬಹುದು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್ ಮಧ್ಯಪ್ರದೇಶದ ಒಬ್ಬ ತಾಯಿಯ ಕೇಸಿನಲ್ಲಿ ದಾನಪತ್ರ ರದ್ದು ಮಾಡಿ ಆಸ್ತಿ ಅವಳಿಗೆ ಕೊಡಿಸಿತು. ಆದರೆ 2022ರ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟ್, ಷರತ್ತು ಇತ್ತು ಅನ್ನೋದು ರುಜುವಾಗದಿದ್ದರೆ ಈ ಸೆಕ್ಷನ್ ನಡೆಯೋದಿಲ್ಲ ಅಂದಿದೆ. ಅರ್ಜಿ ಕೊಡೋದು ಆರ್‌ಡಿಒ ಕಚೇರಿಯಲ್ಲಿ. ಕಲ್ಯಾಣದುರ್ಗದವರಿಗೆ ಅದು ಊರಲ್ಲೇ ಇದೆ, ಹಿಂದೂಪುರದವರು ಪೆನುಕೊಂಡಕ್ಕೆ ಹೋಗಬೇಕು.

ಪತ್ರ ಇಲ್ಲಿ ತೆಲುಗಿನಲ್ಲಿ ಬರೆಸೋದು ವಾಡಿಕೆ. ಮನೆಯಲ್ಲಿ ಕನ್ನಡ ಆಡೋ ಹಿರಿಯರು ಓದಲಾರದೆ ಹೆಬ್ಬೆಟ್ಟು ಒತ್ತುತ್ತಾರೆ. ಕೊನೆತನಕ ನೋಡಿಕೊಳ್ಳಬೇಕು, ಇದೇ ಮನೆಯಲ್ಲಿ ಇರೋಕೆ ಬಿಡಬೇಕು ಅನ್ನೋ ಸಾಲು ಅದರಲ್ಲಿ ಇದೆಯೋ ಇಲ್ಲವೋ, ಒತ್ತೋ ಮುಂಚೆ ಗೊತ್ತಿದ್ದವರಿಂದ ಓದಿಸಿ ಕೇಳಬೇಕು. ನೋಂದಣಿ ಆದ ಮೇಲೆ ಮಗನ ಒಪ್ಪಿಗೆ ಇಲ್ಲದೆ ಆ ಸಾಲು ಸೇರಿಸೋಕೆ ಬರೋದಿಲ್ಲ.